ಹಳೇ ವಿಂಚೆಸ್ಟರ್ 94 ಕೊಳ್ಳುವ ಮುನ್ನ: ಲಿವರ್-ಆಕ್ಷನ್ ರೈಫಲ್ ಗುರುತಿಸಲು, ಪರೀಕ್ಷಿಸಲು ಸಮಗ್ರ ಮಾರ್ಗದರ್ಶಿ

ಅಮೆರಿಕದ ಯಾವ ಗನ್ ಶೋಗೆ ಹೋದರೂ ಯಾವುದಾದರೊಂದು ಟೇಬಲ್ ಮೇಲೆ ವಿಂಚೆಸ್ಟರ್ 94 ಇದ್ದೇ ಇರುತ್ತದೆ. ಅದಕ್ಕೊಂದು ಚೀಟಿ ಕಟ್ಟಿರುತ್ತಾರೆ: ‘ಅಪರೂಪದ್ದು’, ‘ತಾತನ ಕಾಲದ್ದು’, ‘ಒರಿಜಿನಲ್’. ತಾತನ ಕಾಲದ್ದು ಅನ್ನುವುದು ನಿಜವಿರಬಹುದು. ಆದರೆ ಅಪರೂಪದ್ದು ಅನ್ನುವ ಮಾತು ನಡೆಯುವುದಿಲ್ಲ. 1894ರಲ್ಲಿ ಬಂದ ಈ ರೈಫಲ್, ಕನೆಕ್ಟಿಕಟ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕುವಷ್ಟರಲ್ಲಿ 70 ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಸಿಗದಿರುವುದು 94 ಅಲ್ಲ. ಕಾರ್ಖಾನೆಯಿಂದ ಹೊರಬಿದ್ದ ಹಾಗೇ, ಯಾರ ಕೈಚಳಕಕ್ಕೂ ಸಿಗದೆ ಉಳಿದ 94. ದುಡ್ಡು ಕೊಡಬೇಕಾದದ್ದು ಅದಕ್ಕೆ. ಮಾರುವವನ ಕಥೆ ಕೇಳಿ, ಬೇಡವೆನ್ನುವುದಿಲ್ಲ. ಆದರೆ ನಂಬಬೇಕಾದದ್ದು ಉಕ್ಕಿನ ಮೇಲೆ ಕೊರೆದಿರುವ ಸಂಖ್ಯೆ, ಮುದ್ರೆ ಮತ್ತು ಸವೆತವನ್ನು.

ಹಳೇ ಲಿವರ್-ಆಕ್ಷನ್‌ಗಳಲ್ಲಿ (ಟ್ರಿಗರಿನ ಸುತ್ತಲಿನ ಲಿವರನ್ನು ಕೆಳಗೆ ತಳ್ಳಿ ಮೇಲೆಳೆದು ತೋಟಾ ಏರಿಸುವ ರೈಫಲ್‌ಗಳು) ಹೊಸಬರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಇದನ್ನೇ. ಅದಕ್ಕೇ ಇಲ್ಲಿ 94ನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಇದನ್ನು ಓದಲು ಕಲಿತರೆ ಉಳಿದ ಮಾದರಿಗಳೂ ಕೈಗೆ ಹತ್ತುತ್ತವೆ.

ಹಂತ 1: ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದನ್ನು ಕೊನೆಗೆ ಇಡುವವರೇ ಹೆಚ್ಚು, ಆದರೆ ಅಮೆರಿಕದಲ್ಲಿರುವ ಕನ್ನಡಿಗರ ಮಟ್ಟಿಗೆ ಇದೇ ಮೊದಲು. ಎಚ್-1ಬಿ, ಎಲ್-1, ಎಫ್-1ನಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೊಳ್ಳುವುದು ಹಾಗಿರಲಿ, ಶೂಟಿಂಗ್ ರೇಂಜಿನಲ್ಲಿ ಗೆಳೆಯನ ರೈಫಲ್ ಕೈಗೆತ್ತಿಕೊಂಡರೂ ಅದು ‘ವಶದಲ್ಲಿರುವುದು’ ಅಂತಲೇ ಲೆಕ್ಕ. ಇರುವ ಕೆಲವೇ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

‘ನನ್ನ ಹೆಸರಲ್ಲಿ ಆಗಲ್ಲ, ನೀನು ತಗೊಂಡು ಕೊಡು’ ಅನ್ನುವ ದಾರಿ ಹಿಡಿಯಬೇಡಿ. ಇನ್ನೊಬ್ಬರಿಗೋಸ್ಕರ ತನ್ನ ಹೆಸರಲ್ಲಿ ಖರೀದಿಯ ಫಾರ್ಮ್ ತುಂಬುವುದು ಫೆಡರಲ್ ಅಪರಾಧ. ಸಿಕ್ಕಿಬೀಳುವುದು ಇಬ್ಬರೂ.

1898 ಅಥವಾ ಅದಕ್ಕೂ ಹಿಂದೆ ತಯಾರಾದ ಬಂದೂಕನ್ನು 1968ರ ಗನ್ ಕಂಟ್ರೋಲ್ ಕಾಯ್ದೆ ‘ಆ್ಯಂಟಿಕ್’ ಅನ್ನುತ್ತದೆ. ಫೆಡರಲ್ ಕಾನೂನಿನ ಕಣ್ಣಲ್ಲಿ ಅದು ಬಂದೂಕೇ ಅಲ್ಲ. ವ್ಯಾಪಾರಿಯ ಮೂಲಕ ಬರಬೇಕಿಲ್ಲ, ಫಾರ್ಮ್ ತುಂಬಬೇಕಿಲ್ಲ. ಇದರಿಂದಾಗಿ 1894ರಿಂದ 1898ರ ನಡುವಿನ 94ಗಳಿಗೆ ಬೆಲೆ ಹೆಚ್ಚು, ಅವುಗಳ ಹೆಸರಲ್ಲಿ ಸುಳ್ಳು ಕೂಡ ಹೆಚ್ಚು. ರಾಜ್ಯಗಳ ಕಾನೂನು ಬೇರೆ ಬೇರೆ ಇರುತ್ತದೆ, ತೋಟಾದ ಮೇಲಿನ ನಿಷೇಧವೂ ಈ ವಿನಾಯಿತಿಯಿಂದ ಕರಗಿಹೋಗುವುದಿಲ್ಲ.

1899 ಮತ್ತು ಅದರ ನಂತರದ್ದಾದರೆ: ಬೇರೆ ರಾಜ್ಯದ ಖಾಸಗಿ ವ್ಯಕ್ತಿಯಿಂದ ಕೊಳ್ಳುವಾಗ ರೈಫಲ್ ನಿಮ್ಮ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಗೆ (ಎಲ್ಲರ ಬಾಯಲ್ಲೂ ಅವನು ‘ಎಫ್‌ಎಫ್‌ಎಲ್’) ಬರಬೇಕು. ಅಲ್ಲಿ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಕೈಗೆ ಸಿಗುತ್ತದೆ. ಇಲಿನಾಯ್‌ನಲ್ಲಿದ್ದರೆ ಫಾಯ್ಡ್ ಕಾರ್ಡ್ (ಬಂದೂಕು ಮಾಲೀಕರ ಗುರುತಿನ ಚೀಟಿ), ನ್ಯೂ ಜೆರ್ಸಿಯಲ್ಲಿದ್ದರೆ ಖರೀದಿದಾರರ ಗುರುತಿನ ಚೀಟಿ ಮೊದಲೇ ಮಾಡಿಸಿಕೊಂಡಿರಬೇಕು. ನಾಲ್ಕಾರು ರೈಫಲ್ ಕೂಡಿಡುವ ಆಸೆ ಇದ್ದರೆ ಸಂಗ್ರಾಹಕರ ‘ಸಿ ಆ್ಯಂಡ್ ಆರ್’ ಪರವಾನಗಿ ಮಾಡಿಸಿ. ಮೂರು ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಬಂದೂಕುಗಳನ್ನು ಬೇರೆ ರಾಜ್ಯದಿಂದಲೂ ನೇರವಾಗಿ ತರಿಸಿಕೊಳ್ಳಬಹುದು.

ಕೊಡಗಿನಿಂದ ಬಂದವರಿಗೆ ಒಂದು ಮಾತು. ಊರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಭಾರತದ ಶಸ್ತ್ರಾಸ್ತ್ರ ಕಾಯ್ದೆಯದು, ಇಲ್ಲಿ ಅದಕ್ಕೆ ಕಿಮ್ಮತ್ತಿಲ್ಲ. ರೈಫಲನ್ನು ಊರಿಗೆ ಒಯ್ಯುವ ಕನಸನ್ನೂ ಇಲ್ಲೇ ಬಿಡಿ. ರೇಂಜಿಗೆ ಒಯ್ದ ಬ್ಯಾಗನ್ನೇ ಬೆಂಗಳೂರಿನ ವಿಮಾನಕ್ಕೂ ತರುವವರಾದರೆ ಮೂಲೆ ಮೂಲೆ ತಡಕಿ ನೋಡಿ. ಜೇಬಿನಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸಾಗುತ್ತದೆ.

ಹಂತ 2: ಕೈಯಲ್ಲಿರುವುದು ಯಾವ ಮಾದರಿ?

1866ರ ವಿಂಚೆಸ್ಟರ್‌ಗೆ ಹಿತ್ತಾಳೆ ಬಣ್ಣದ ರಿಸೀವರ್ (ಯಂತ್ರ ಕೂತಿರುವ ನಡುವಿನ ಲೋಹದ ಗೂಡು), ಅಡ್ಡಹೆಸರೇ ‘ಯೆಲ್ಲೋ ಬಾಯ್’. 1873ರದ್ದು ಕಬ್ಬಿಣದ ರಿಸೀವರಿನದು, ಪಕ್ಕದಲ್ಲಿ ತೆಗೆಯಬಹುದಾದ ತಗಡಿನಂಥ ಫಲಕ ಕಾಣುತ್ತದೆ. ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ 1886 ಮತ್ತು 1892 ನೋಡಲು ಅಣ್ಣತಮ್ಮಂದಿರು: ಮೊದಲನೆಯದು ದಪ್ಪ, ಎರಡನೆಯದು ಚಿಕ್ಕದು. 1895ಕ್ಕೆ ನಳಿಗೆಯ ಕೆಳಗೆ ತೋಟಾ ತುಂಬಿಡುವ ಕೊಳವೆ ಇಲ್ಲ, ರಿಸೀವರಿನ ಕೆಳಗೆ ಪೆಟ್ಟಿಗೆಯಾಕಾರದ ಮ್ಯಾಗಜೀನ್ ಇದೆ. 94 ಕೂಡ ಬ್ರೌನಿಂಗ್‌ನದೇ. ಲಿವರ್ ಕೆಳಗೆ ತಳ್ಳಿದಾಗ ರಿಸೀವರಿನ ತಳದ ಫಲಕವೂ ಅದರ ಜೊತೆ ಕೆಳಕ್ಕೆ ಜಾರಿ ಬರುತ್ತದೆ. ಇದೊಂದು ಸಾಕು, 92ರಿಂದ ಬೇರ್ಪಡಿಸಲು.

ಮಾರ್ಲಿನ್ ಆದರೆ ರಿಸೀವರಿನ ತಲೆ ಮುಚ್ಚಿರುತ್ತದೆ, ಖಾಲಿ ತೋಟಾ ಬಲಪಕ್ಕದಿಂದ ಹಾರುತ್ತದೆ. ಹಳೇ 94ರಲ್ಲಿ ನೆತ್ತಿಯ ಮೇಲಿಂದಲೇ ಹಾರುತ್ತದೆ. ಸ್ಯಾವೇಜ್ 99ಕ್ಕೆ ಹೊರಗೆ ಕಾಣುವ, ತೋಟಾ ಸಿಡಿಸಲು ಬಡಿಯುವ ಹ್ಯಾಮರ್ರೇ ಇಲ್ಲ.

94ರಲ್ಲೂ ಎರಡು ಜಾತಿ. ‘ರೈಫಲ್’ ಅಂದರೆ 26 ಇಂಚಿನ ನಳಿಗೆ, ಎಂಟು ಮೂಲೆಯದೋ ದುಂಡನೆಯದೋ, ಹಿಡಿಯ ತುದಿಗೆ ಅರ್ಧಚಂದ್ರಾಕಾರದ ಲೋಹದ ಪಟ್ಟಿ. ‘ಕಾರ್ಬೈನ್’ ಅಂದರೆ 20 ಇಂಚು, ಮುಂಗೈ ಮರವನ್ನು ನಳಿಗೆಗೆ ಬಿಗಿಯುವ ಪಟ್ಟಿ, ಹಳೆಯವುಗಳಲ್ಲಿ ರಿಸೀವರಿನ ಎಡಪಕ್ಕಕ್ಕೆ ಕುದುರೆ ಜೀನಿನ ಉಂಗುರ. ‘ಟ್ರ್ಯಾಪರ್’ ಎನ್ನುವ ಇನ್ನೂ ಗಿಡ್ಡ ಕಾರ್ಬೈನ್ ಕಂಡರೆ ಟೇಪ್ ತೆಗೆಯಿರಿ. ನಳಿಗೆ 16 ಇಂಚಿಗಿಂತ ಕಡಿಮೆಯಿದ್ದು, ಕಾರ್ಖಾನೆಯಿಂದಲೇ ಹಾಗೆ ಬಂದದ್ದು, ಎಟಿಎಫ್ (ಬಂದೂಕುಗಳ ಮೇಲ್ವಿಚಾರಣೆಯ ಫೆಡರಲ್ ಸಂಸ್ಥೆ) ವಿನಾಯಿತಿ ಇರುವುದು ಅಂತ ಕಾಗದ ತೋರಿಸದಿದ್ದರೆ ಮುಟ್ಟಬೇಡಿ. ಯಾರೋ ಗರಗಸ ಹಾಕಿ ಕತ್ತರಿಸಿದ ನಳಿಗೆ ಜೈಲಿನ ದಾರಿ.

ಹಂತ 3: ಸೀರಿಯಲ್ ಸಂಖ್ಯೆ ಓದಿ, ಆದರೆ ಯಾವ ಪಟ್ಟಿಯಿಂದ?

94ರ ಸಂಖ್ಯೆ ರಿಸೀವರಿನ ತಳದಲ್ಲಿ, ಮುಂಗೈ ಮರದ ಹಿಂದೆಯೇ ಇರುತ್ತದೆ. 1873 ಮತ್ತು 1886ರಲ್ಲಿ ಲಿವರಿನ ಹಿಂದಿನ ಕೆಳ ಪಟ್ಟಿಯ ಮೇಲೆ. ಅಂಕಿಗಳ ಸುತ್ತ ಉಕ್ಕು ಉಜ್ಜಿದ ಹಾಗೆ ತಗ್ಗಾಗಿದ್ದರೆ ಅಲ್ಲಿಗೇ ಕೈ ಮುಗಿದು ಹೊರಡಿ. ಸಂಖ್ಯೆ ಅಳಿಸಿದ ಅಥವಾ ಬದಲಿಸಿದ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ.

ಸಂಖ್ಯೆಯಿಂದ ವರ್ಷ ಹೇಳುವ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ತೊಂದರೆ ಏನೆಂದರೆ, ದಶಕಗಳಿಂದ ಅಚ್ಚಾಗುತ್ತ ಬಂದಿರುವ ಪಟ್ಟಿಗೂ ಕಾರ್ಖಾನೆಯ ಪಾಲಿಶಿಂಗ್ ರೂಮಿನ ದಾಖಲೆಗೂ ತಾಳೆಯಾಗುವುದಿಲ್ಲ. ರಿಸೀವರಿಗೆ ಸಂಖ್ಯೆ ಹೊಡೆದ ದಿನವನ್ನು ಬರೆದಿಟ್ಟದ್ದು ಎರಡನೆಯದು. ಆ್ಯಂಟಿಕ್ ಗಡಿಯ ಹತ್ತಿರದ ರೈಫಲಿನಲ್ಲಿ ಈ ವ್ಯತ್ಯಾಸಕ್ಕೆ ಕಾನೂನಿನ ತೂಕವಿದೆ. ಅನುಮಾನ ಬಂದರೆ ವಯೋಮಿಂಗ್‌ನ ಕೋಡಿ ಪಟ್ಟಣದಲ್ಲಿರುವ ಬಫಲೋ ಬಿಲ್ ಸೆಂಟರ್ ಆಫ್ ದ ವೆಸ್ಟ್‌ನ ಬಂದೂಕು ಮ್ಯೂಸಿಯಂಗೆ ಬರೆಯಿರಿ. ವಿಂಚೆಸ್ಟರ್ ಕಾರ್ಖಾನೆಯ ಮೂಲ ದಾಖಲೆಗಳು ಅಲ್ಲಿವೆ. 94ರಲ್ಲಿ 1ರಿಂದ 3,53,999ರವರೆಗಿನ ಸಂಖ್ಯೆಗಳಿಗೆ, ಶುಲ್ಕ ಕಟ್ಟಿದರೆ, ‘ಕೋಡಿ ಪತ್ರ’ ಕೊಡುತ್ತಾರೆ: ಯಾವ ಕ್ಯಾಲಿಬರ್ (ತೋಟಾದ ಅಳತೆ), ಎಂಥ ನಳಿಗೆ, ಗೋದಾಮಿಗೆ ಬಂದ ದಿನ, ಹೊರಗೆ ಹೋದ ದಿನ. ಮಾರುವವನು ‘ಸ್ಪೆಷಲ್ ಆರ್ಡರ್’ ಅಂತ ಹೆಚ್ಚು ಬೆಲೆ ಹೇಳಿದರೆ ಆ ಪತ್ರ ಕೇಳುವುದು ನಿಮ್ಮ ಹಕ್ಕು. ಎಂಟು ಮೂಲೆಯ ನಳಿಗೆ ಇರುವ ರೈಫಲಿಗೆ ಪತ್ರದಲ್ಲಿ ದುಂಡು ನಳಿಗೆ ಅಂತ ಬಂದರೆ ಮುಂದಿನ ಮಾತೇ ಬೇಡ.

ಹಂತ 4: 1964ರ ಗೆರೆ

94ರ ಲೋಕದಲ್ಲಿ ‘ಪ್ರಿ-64’ (1964ಕ್ಕೂ ಮುಂಚಿನದು) ಅನ್ನುವ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಖರ್ಚು ತಗ್ಗಿಸಲು ಕಂಪನಿ 1964ರಲ್ಲಿ ವಿನ್ಯಾಸ ಬದಲಿಸಿತು. ಗಟ್ಟಿ ಉಕ್ಕು ಕೊರೆದು ಮಾಡುತ್ತಿದ್ದ ಭಾಗಗಳ ಜಾಗಕ್ಕೆ ತಗಡು ಒತ್ತಿ ಮಾಡಿದವು ಬಂದವು, ಗಟ್ಟಿ ಪಿನ್ನುಗಳ ಬದಲು ಟೊಳ್ಳು ಪಿನ್ನು ಬಂತು, ರಿಸೀವರಿನ ಲೋಹವೂ ಬದಲಾಯಿತು. 27 ಲಕ್ಷ ಮತ್ತು ಅದರ ಮೇಲಿನ ಸಂಖ್ಯೆ ಕಂಡರೆ ಅದು ಈ ಬದಲಾವಣೆಯ ನಂತರದ್ದು.

ಸಂಖ್ಯೆ ನೋಡದೆಯೂ ಗೊತ್ತಾಗುತ್ತದೆ. ಲಿವರ್ ಪೂರ್ತಿ ತೆರೆದು, ರೈಫಲನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ. ತೋಟಾವನ್ನು ಮೇಲೆತ್ತುವ ಭಾಗ ದಪ್ಪ, ಅಂಚು ಚೂಪಾಗಿ ಕೊರೆದ ಉಕ್ಕಾಗಿದ್ದರೆ ಹಳೆಯದು. ಬಾಗಿಸಿದ ತಗಡಾಗಿದ್ದರೆ ಹೊಸದು. ಪಕ್ಕದ ಪಿನ್ನಿನ ನಡುವೆ ತೂತು ಕಂಡರೂ ಅದೇ ತೀರ್ಮಾನ. ಆ ಕಾಲದ ರಿಸೀವರಿಗೆ ಮಾಮೂಲಿ ನೀಲಿ ಬಣ್ಣ ಕೂರುವುದಿಲ್ಲ, ಮತ್ತೆ ಹಚ್ಚಿಸಿದರೆ ನೇರಳೆಯೋ ಬೂದಿಯೋ ಆಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬೇಟೆಗೆ ಬೇಕಾದವರು 1964ರ ನಂತರದ್ದನ್ನು ಹೀಗಳೆಯಬೇಕಿಲ್ಲ. ಸಂಗ್ರಹಕ್ಕೆ ಮಾತ್ರ ಬೇಡ. ಇನ್ನು ಜಾನ್ ವೇಯ್ನ್ ಹೆಸರಿನದು, ಬಫಲೋ ಬಿಲ್ ಹೆಸರಿನದು ಅಂತ ಚಿನ್ನದ ಬಣ್ಣ ಬಳಿದು, ಪೆಟ್ಟಿಗೆ ಸಮೇತ ಬರುವ ‘ಸ್ಮಾರಕ ಆವೃತ್ತಿ’ಗಳು: ಎಲ್ಲರೂ ಪೆಟ್ಟಿಗೆ ತೆರೆಯದೆ ಕಾಪಾಡಿದ್ದರಿಂದ ಅವು ಎಲ್ಲೆಲ್ಲೂ ಹಾಗೇ ಇವೆ. ಹೂಡಿಕೆ ಅಂತ ಕೊಳ್ಳಬೇಡಿ.

1982ರ ಸುಮಾರಿಗೆ ಖಾಲಿ ತೋಟಾ ಓರೆಯಾಗಿ ಹಾರುವ ವಿನ್ಯಾಸ ಬಂತು, 1992ರಲ್ಲಿ ರಿಸೀವರಿಗೆ ಅಡ್ಡಲಾಗಿ ಸೇಫ್ಟಿ ಗುಂಡಿ. ಗುಂಡಿ ಕಂಡರೆ ‘ವಿಂಟೇಜ್’ ಅನ್ನುವ ಮಾತನ್ನು ಚೌಕಾಶಿಯಿಂದ ತೆಗೆದುಹಾಕಿ.

ಹಂತ 5: ಮುದ್ರೆಗಳು ಒಂದಕ್ಕೊಂದು ಒಪ್ಪುತ್ತವೆಯೇ?

1905ರಿಂದ ವಿಂಚೆಸ್ಟರ್ ಪರೀಕ್ಷೆ ಮುಗಿದ ರೈಫಲಿಗೆ ಅಂಡಾಕಾರದೊಳಗೆ ಡಬ್ಲ್ಯೂ-ಪಿ ಅಕ್ಷರದ ಮುದ್ರೆ ಹೊಡೆಯತೊಡಗಿತು, ನಳಿಗೆಯ ಮೇಲೊಂದು, ರಿಸೀವರಿನ ಮೇಲೊಂದು. ಸಂಖ್ಯೆ 1915ರ ಸುಮಾರಿನದ್ದಾಗಿದ್ದು ನಳಿಗೆಯ ಮೇಲೆ ಮುದ್ರೆ ಇಲ್ಲದಿದ್ದರೆ ನಳಿಗೆ ಬೇರೆಡೆಯಿಂದ ಬಂದಿರಬಹುದು. 1900ರ ರಿಸೀವರಿಗೆ ಮುದ್ರೆಯ ನಳಿಗೆ ಇದ್ದರೂ ಅದೇ ಅನುಮಾನ.

ಜೀನಿನ ಉಂಗುರ 1920ರ ದಶಕದ ಮಧ್ಯದಲ್ಲಿ ನಿಂತುಹೋಯಿತು. ಮುಂದಿನ ಗುರಿಮೊನೆಯನ್ನು ಇಳಿಜಾರು ದಿಮ್ಮಿಯ ಮೇಲೆ ಕೂರಿಸುವ ಪದ್ಧತಿ ಬಂದದ್ದು 1930ರ ದಶಕದಲ್ಲಿ. ಹಾಗಾಗಿ 1912ರ ಸಂಖ್ಯೆಯ ಕಾರ್ಬೈನಿಗೆ ದಿಮ್ಮಿಯ ಗುರಿಮೊನೆ ಇದ್ದರೆ, 1950ರ ಸಂಖ್ಯೆಯದಕ್ಕೆ ಉಂಗುರ ಇದ್ದರೆ, ಯಾರೋ ಕೈಯಾಡಿಸಿದ್ದಾರೆ. ಕಾರ್ಖಾನೆಯವರು ಹಳೇ ಭಾಗ ಮುಗಿಯುವವರೆಗೆ ಹಾಕುತ್ತಲೇ ಇದ್ದರು ಅನ್ನುವುದೂ ನಿಜ, ಒಂದೆರಡು ವರ್ಷ ಆಚೀಚೆ ಆದರೆ ಗಲಾಟೆ ಬೇಡ.

ಕ್ಯಾಲಿಬರ್ ನಳಿಗೆಯ ಮೇಲೆ ಬರೆದಿರುತ್ತದೆ. ಮೊದಲು ಬಂದದ್ದು ಕಪ್ಪು ಮದ್ದಿನ .32-40 ಮತ್ತು .38-55. ಹೊಗೆ ಕಡಿಮೆಯ ಮದ್ದಿನ .30-30 ಮತ್ತು .25-35 ಬಂದದ್ದು 1895ರಲ್ಲಿ, ನಿಕ್ಕಲ್ ಉಕ್ಕಿನ ಗಟ್ಟಿ ನಳಿಗೆಯ ಜೊತೆ. ಹಳೇ ನಳಿಗೆಯ ಮೇಲೆ ನಿಕ್ಕಲ್ ಸ್ಟೀಲ್ ಅನ್ನುವ ಬರಹ ಇಲ್ಲದಿದ್ದರೆ ಇಂದಿನ ಜೋರಿನ ತೋಟಾ ಹಾಕಬೇಡಿ. ಬಳಸುವ ಉದ್ದೇಶ ಇದ್ದರೆ .30-30 ನೋಡಿ, ತೋಟಾ ಸುಲಭವಾಗಿ ಸಿಗುತ್ತದೆ.

ಹಂತ 6: ಬಣ್ಣ, ಮರ, ಸ್ಕ್ರೂ

ಬೆಲೆ ಏರುವುದೂ ಇಳಿಯುವುದೂ ಇಲ್ಲಿ, ಮೋಸ ನಡೆಯುವುದೂ ಇಲ್ಲಿ.

ಮೊದಲ ಮಹಾಯುದ್ಧದ ಆಸುಪಾಸಿನ 94ಗಳ ರಿಸೀವರ್ ಮೇಲಿನ ನೀಲಿ ಬಣ್ಣ ಹಕ್ಕಳೆಯಾಗಿ ಉದುರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಳಿಗೆ ಇನ್ನೂ ಕಡುನೀಲಿ, ರಿಸೀವರ್ ಮಾತ್ರ ಕಂದುಬೂದಿ. ಹೊಸಬರಿಗೆ ಇದು ಹಾಳಾದ ರೈಫಲ್ ಅನ್ನಿಸುತ್ತದೆ, ಬಲ್ಲವರು ಇದನ್ನೇ ಎತ್ತಿಕೊಳ್ಳುತ್ತಾರೆ. ಅನುಮಾನ ಪಡಬೇಕಾದದ್ದು ಅದರ ಪಕ್ಕದಲ್ಲಿರುವ, ತಲೆಯಿಂದ ಬುಡದವರೆಗೆ ಒಂದೇ ಸಮನಾಗಿ ಮಿರುಗುವ ರೈಫಲ್ ಬಗ್ಗೆ. ಮರದ ಮೇಲೆ ನೂರು ವರ್ಷದ ಗೀರು, ಲೋಹಕ್ಕೆ ಮಾತ್ರ ಯೌವನ: ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ.

ಮತ್ತೆ ಬಣ್ಣ ಹಚ್ಚಿಸಬೇಕಾದರೆ ಮೊದಲು ಉಜ್ಜಬೇಕು, ಉಜ್ಜಿದ್ದು ಗುರುತು ಬಿಡುತ್ತದೆ. ರಿಸೀವರಿನ ಅಂಚಿನ ಮೇಲೆ ಬೆರಳಾಡಿಸಿ, ಮೂಲದ್ದಾದರೆ ಚೂಪು ತಾಗುತ್ತದೆ. ಸ್ಕ್ರೂ ತೂತುಗಳ ಸುತ್ತ ಓರೆಯಾಗಿ ಬೆಳಕು ಬೀಳಿಸಿ. ಉಜ್ಜಿದ್ದರೆ ತೂತಿನ ಅಂಚು ಬಟ್ಟಲಿನಂತೆ ತಗ್ಗಿರುತ್ತದೆ, ಸ್ಕ್ರೂ ತಲೆ ಒಂದು ಕೂದಲೆಳೆ ಮೇಲೆ ನಿಂತಿರುತ್ತದೆ. ಅಕ್ಷರಗಳ ಅಂಚು ಮಾಸಿದೆಯೇ, ಒಳಗೆ ಬಣ್ಣ ತುಂಬಿಕೊಂಡಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ. ತುಕ್ಕಿನ ಸಣ್ಣ ಗುಂಡಿಗಳ ಒಳಗೂ ಹೊಳೆಯುವ ನೀಲಿ ಇದ್ದರೆ ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು. ವಾದಕ್ಕೆ ಜಾಗವೇ ಇಲ್ಲ.

ಮರ ಮತ್ತು ಲೋಹ ಸೇರುವ ಗೆರೆಯನ್ನು ಉಗುರಿನಿಂದ ಸವರಿ. ಕಾರ್ಖಾನೆಯ ಮರ ಲೋಹಕ್ಕಿಂತ ಚೂರು ಎತ್ತರದಲ್ಲಿರುತ್ತದೆ. ಮರವೇ ತಗ್ಗಿದ್ದರೆ ಮರಳುಕಾಗದ ಹಾಕಿ ಉಜ್ಜಿದ್ದಾರೆ. ಬಿರುಕು ಬಿಡುವುದು ಹೆಚ್ಚಾಗಿ ರಿಸೀವರಿನಿಂದ ಹಿಂದಕ್ಕೆ ಚಾಚಿದ ಮೇಲಿನ ಲೋಹದ ಪಟ್ಟಿಯ ಹಿಂದೆ, ಹಿಡಿಯ ಸಣ್ಣ ಭಾಗದಲ್ಲಿ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಬಾಯಿ ಬಿಡುತ್ತದೆ.

ರಿಸೀವರಿನ ಪಕ್ಕಕ್ಕೆ ದೂರದರ್ಶಕ ಕೂರಿಸಲು ಕೊರೆದ ತೂತುಗಳಿಗಾಗಿ ಹುಡುಕಿ. ತುಂಬಿಸಿ ಬಣ್ಣ ಹಚ್ಚಿದ್ದರೂ ಓರೆ ಬೆಳಕಿನಲ್ಲಿ ದುಂಡನೆ ನೆರಳು ಕಾಣುತ್ತದೆ. 20ನೇ ಶತಮಾನದ ಮಧ್ಯದಲ್ಲಿ ಬೇಟೆಗಾರರು ಯಾವ ಅಳುಕೂ ಇಲ್ಲದೆ ಹೀಗೆ ಕೊರೆಸಿದರು, ಅವರಿಗೆ ಅದು ಬರೀ ಜಿಂಕೆ ಹೊಡೆಯುವ ಸಾಮಾನು. ಸಂಗ್ರಾಹಕನ ಕಣ್ಣಲ್ಲಿ ಒಂದೊಂದು ತೂತೂ ದೊಡ್ಡ ಸೋಡಿ.

ಹಂತ 7: ನಳಿಗೆಯ ಒಳಗೂ ಯಂತ್ರದಲ್ಲೂ

ಶೋಗಳಲ್ಲಿ ಲಿವರನ್ನು ಪ್ಲಾಸ್ಟಿಕ್ ದಾರದಿಂದ ಕಟ್ಟಿರುತ್ತಾರೆ, ಮಾಲೀಕನನ್ನು ಕೇಳಿ ಬಿಚ್ಚಿಸಿ. ಕೈಗೆ ಬಂದ ಕೂಡಲೇ ಲಿವರನ್ನು ಕೆಲವು ಸಲ ಆಡಿಸಿ, ನಳಿಗೆಯ ಹಿಂಬದಿಯನ್ನೂ ಮ್ಯಾಗಜೀನ್ ಬಾಯಿಯನ್ನೂ ಕಣ್ಣಾರೆ ನೋಡಿ. ಕೊಳವೆಯ ಮ್ಯಾಗಜೀನಿನಲ್ಲಿ ಒಂದು ತೋಟಾ ಸಿಕ್ಕಿಕೊಂಡು ಉಳಿದಿರುವುದುಂಟು.

ನಳಿಗೆಯ ಒಳಗೆ ಸಣ್ಣ ಟಾರ್ಚ್ ಹಾಕಿ. ಕೊಳಕಾಗಿ ಕಂಡರೆ ಬಟ್ಟೆ ಹಾಯಿಸಲು ಒಪ್ಪಿಗೆ ಕೇಳಿ. ಮಸಿ ಹೋಗುತ್ತದೆ, ತುಕ್ಕು ತಿಂದ ಗುಂಡಿ ಹೋಗುವುದಿಲ್ಲ. ಇಂಥ ರೈಫಲಿನ ನಳಿಗೆಯನ್ನು ಹಿಂದಿನಿಂದ ಶುಚಿ ಮಾಡಲಾಗುವುದಿಲ್ಲ, ಮುಂದಿನ ಬಾಯಿಯಿಂದಲೇ ಕೋಲು ತೂರಬೇಕು. ದಶಕಗಟ್ಟಲೆ ಕೋಲು ಉಜ್ಜಿ ಉಜ್ಜಿ ಬಾಯಿಯ ಹತ್ತಿರದ ಸುರುಳಿಗೆರೆ ಸವೆದಿರುತ್ತದೆ. ಒಳಗೆಲ್ಲ ಚೆನ್ನಾಗಿದ್ದು ಕೊನೆಯ ಒಂದಿಂಚು ನುಣುಪಾಗಿದ್ದರೆ ಗುರಿ ಹಿಡಿಯದು.

ಲಿವರ್ ಮುಚ್ಚಿದಾಗ ಬೋಲ್ಟಿನ (ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಡಿಯುವ ಭಾಗ) ಹಿಂದೆ ಬೀಗದ ದಿಮ್ಮಿ ಪೂರ್ತಿ ಮೇಲೆ ಬರಬೇಕು. ಲಿವರನ್ನು ಪಟ್ಟಿಗೆ ಒತ್ತಿ ಹಿಡಿಯದಿದ್ದರೆ ಟ್ರಿಗರ್ ಹಿಂದಕ್ಕೆ ಬರಕೂಡದು, ಅದಕ್ಕೊಂದು ತಡೆಪಿನ್ನು ಇದೆ. ಅದನ್ನು ಕಿತ್ತೆಸೆದ ರೈಫಲ್‌ಗಳೂ ಸಿಗುತ್ತವೆ. ಹ್ಯಾಮರನ್ನು ಅರ್ಧಕ್ಕೆ ಎತ್ತಿ, ಹೆಬ್ಬೆರಳನ್ನು ಮೇಲಿಟ್ಟುಕೊಂಡೇ ಟ್ರಿಗರ್ ಒತ್ತಿ: ಬಿದ್ದರೆ ಹಳೇ 94ರಲ್ಲಿ ಕೈಯಿಂದ ಹಾಕುವ ಒಂದೇ ಒಂದು ಸೇಫ್ಟಿ ಸತ್ತಿದೆ ಅಂತ ಅರ್ಥ. ಹುಸಿ ತೋಟಾಗಳಿಂದ ಐದಾರು ಸಲ ತುಂಬಿಸಿ ಹೊರಹಾಕಿಸಿ ನೋಡಿ. ತೋಟಾಕ್ಕೂ ಬೋಲ್ಟಿಗೂ ನಡುವಿನ ಸಂದನ್ನು ಅಳೆಯುವುದು ಗನ್‌ಸ್ಮಿತ್ ಕೆಲಸ. ಹಾರಿಸುವ ಮುನ್ನ ಅವನಿಗೆ ಒಪ್ಪಿಸಿ.

ಹಂತ 8: ಚೌಕಾಶಿ

ಮಾರಾಟಕ್ಕಿಟ್ಟವರು ಕೇಳುವ ಬೆಲೆ ನೋಡಿ ಮೋಸ ಹೋಗಬೇಡಿ. ಹರಾಜು ತಾಣಗಳಲ್ಲಿ ನಿಜಕ್ಕೂ ಮಾರಾಟವಾಗಿ ಮುಗಿದ ಬೆಲೆಗಳನ್ನು, ಅದೇ ದಶಕ, ಅದೇ ಕ್ಯಾಲಿಬರ್, ಅದೇ ಸ್ಥಿತಿಯವು, ಹೋಲಿಸಿ ನೋಡಿ. ಕಂಡ ದೋಷಗಳನ್ನು ಒಂದೊಂದಾಗಿ, ಜಗಳದ ದನಿಯಿಲ್ಲದೆ ತೋರಿಸಿದರೆ ಎಂಥ ಜಿಗುಟು ವ್ಯಾಪಾರಿಯೂ ಕೆಳಗಿಳಿಯುತ್ತಾನೆ. ‘ಇದು ಇಂಥ ಶೆರೀಫನದು’ ಅನ್ನುವ ಕಥೆಗೆ ಆ ಕಾಲದ ಕಾಗದ ಇಲ್ಲದಿದ್ದರೆ ಒಂದು ಡಾಲರೂ ಹೆಚ್ಚು ಕೊಡಬೇಡಿ. ಸೈನ್ಯದ್ದು ಅಂತ ತೋರಿಸಲು ಹೊಡೆದ ‘ಯುಎಸ್’ ಮತ್ತು ಜ್ವಾಲೆಯ ಗುಂಡಿನ ಮುದ್ರೆಯೂ ನಕಲಾಗುತ್ತದೆ. ಹಳೇ ಬಣ್ಣದ ಮೇಲೆ ಹೊಸದಾಗಿ ಹೊಡೆದ ಮುದ್ರೆಯ ಅಂಚಿನಲ್ಲಿ ಉಕ್ಕು ಉಬ್ಬಿ ಬೆಳ್ಳಗೆ ಕಾಣುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಸ್ಕ್ರೂ, ಮುದ್ರೆ, ನಳಿಗೆ ಬಾಯಿ, ತಳ ಇವುಗಳ ಹತ್ತಿರದ ಚಿತ್ರ ಕೇಳಿ. ಕಳಿಸಲು ಸಬೂಬು ಹೇಳುವವನಿಗೆ ಚಿತ್ರದಲ್ಲಿ ಏನು ಕಾಣುತ್ತದೆಂದು ಚೆನ್ನಾಗಿ ಗೊತ್ತು. ನೋಡಿ ವಾಪಸ್ ಮಾಡಲು ಮೂರು ದಿನದ ಅವಕಾಶವನ್ನು ಬರಹದಲ್ಲಿ ಪಡೆದುಕೊಳ್ಳಿ.

ಮನೆಗೆ ತಂದ ಮೇಲೆ

ಉಕ್ಕಿನ ನಾರು, ಲೋಹದ ಪಾಲಿಶ್, ಮರಕ್ಕೆ ವಾರ್ನಿಶ್, ಯಾವುದೂ ಹತ್ತಿರ ಸುಳಿಯದಿರಲಿ. ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿದು ತುಕ್ಕು ತರಿಸುತ್ತದೆ. ಸ್ಕ್ರೂ ಬಿಚ್ಚಲೇಬೇಕಾದರೆ ಸೀಳಿಗೆ ಸರಿಯಾಗಿ ಕೂರುವಂತೆ ಅರೆದ ಸ್ಕ್ರೂಡ್ರೈವರ್ ಬೇಕು. ಪೆಟ್ಟಿಗೆಯಲ್ಲಿ ಬಿದ್ದಿರುವ ಮಾಮೂಲಿ ಸ್ಕ್ರೂಡ್ರೈವರ್ ನೂರು ವರ್ಷ ಉಳಿದ ಸ್ಕ್ರೂ ತಲೆಯನ್ನು ಒಂದೇ ತಿರುವಿಗೆ ಕೆಡಿಸುತ್ತದೆ. ಹಾರಿಸುವವರಾದರೆ ಚೂಪು ಮೂತಿಯ ಗುಂಡನ್ನು ಕೊಳವೆಯ ಮ್ಯಾಗಜೀನಿಗೆ ತುಂಬಬೇಡಿ. ಸಾಲಾಗಿ ನಿಂತ ತೋಟಾಗಳಲ್ಲಿ ಹಿಂದಿನದರ ಮೂತಿ ಮುಂದಿನದರ ಸಿಡಿಬಿಂದುವಿಗೆ ಒತ್ತಿಕೊಂಡಿರುತ್ತದೆ, ಅಲ್ಲೇ ಸಿಡಿದರೆ ಮುಂಗೈ ಮರದ ಮೇಲಿರುವ ನಿಮ್ಮ ಎಡಗೈ ಉಳಿಯುವುದಿಲ್ಲ. ಚಪ್ಪಟೆ ಮೂತಿಯದು, ಇಲ್ಲವೇ ಲಿವರ್-ಆಕ್ಷನ್‌ಗೆಂದೇ ಮಾಡಿದ ಮೆತ್ತನೆ ತುದಿಯದು ತನ್ನಿ. ರಸೀದಿ, ಸಂಖ್ಯೆ, ನಾಲ್ಕೂ ಕಡೆಯ ಚಿತ್ರಗಳನ್ನು ರೈಫಲ್ ಇಟ್ಟ ಪೆಟ್ಟಿಗೆಯಲ್ಲಲ್ಲ, ಬೇರೆ ಕಡೆ ಇಡಿ. ಕಳ್ಳತನವಾದರೆ ಪೊಲೀಸರೂ ವಿಮೆಯವರೂ ಮೊದಲು ಕೇಳುವುದು ಅವನ್ನೇ.